ಟಾಪ್ ಟ್ಯೂಬ್ ಮೇಲಿನ ಕೈ

ವ್ಯಾನಿನ ಹಿಂಬಾಗಿಲಿಗೆ ನೇತಾಡುತ್ತಿದ್ದೆ.

ಓಡುತ್ತಿದ್ದ ವ್ಯಾನು, ಗಮನಿಸಿ!

ಒಂದು ಕೈ ಬಾಗಿಲಿನ ಹಿಡಿಕೆಯ ಮೇಲೆ. ಇನ್ನೊಂದು ಗಾಳಿಯಲ್ಲಿ. ಕಾಲು ಬಂಪರ್ ಮೇಲೆ... ಅದೂ ಒಂದೇ ಕಾಲು. ಇನ್ನೊಂದು ಕಾಲಿನ ಶೂ ರೇಸ್ ಮೈದಾನದ ಪಾರ್ಕಿಂಗಿನಲ್ಲೇ ಉಳಿದುಹೋಗಿತ್ತು. ನನಗೆ ವಯಸ್ಸು ಐವತ್ತು ದಾಟಿದೆ. ಬೆಳಿಗ್ಗೆ ಎದ್ದು ಮಂಡಿ ನೋವಿಗೆ ಮುಲಾಮು ಹಚ್ಚಿಕೊಂಡಿದ್ದೆ. ಡಬ್ಬಿಯ ಮೇಲೆ ಈ ಥರದ ವ್ಯಾಯಾಮದ ಬಗ್ಗೆ ಏನೂ ಬರೆದಿರಲಿಲ್ಲ.

ವ್ಯಾನಿನೊಳಗೆ ನನ್ನ ತಮ್ಮನ ಮಗಳ ಸೈಕಲ್ಲು. ಡ್ರೈವರ್ ಸೀಟಿನಲ್ಲಿ ಅದನ್ನು ಕದ್ದವನು.

ಪಕ್ಕದ ಕನ್ನಡಿಯಲ್ಲಿ ನನ್ನನ್ನು ನೋಡಿ ಅವನ ಬಣ್ಣವೇ ಇಳಿದುಹೋಯಿತು.

"ಮೇಡಂ! ಇಳೀರಿ! ಬಿದ್ದು ಗಿದ್ದೀರಿ!"

"ನಿಲ್ಸು, ಇಳೀತೀನಿ!"

"ನಿಲ್ಸಿದ್ರೆ ಹೊಡೀತೀರಿ!"

"ಹೌದು!"

ಸಂಧಾನ ಅಲ್ಲಿಗೆ ಮುರಿದುಬಿತ್ತು.

ಬೆಟ್ಟದ ತಪ್ಪಲಿನ ರಸ್ತೆ. ಮುಂದೆ ಒಂದು ಉಬ್ಬು. ಈಗ ಹಾರಿಸುತ್ತಾನೆ, ಈಗ ನಾನು ರಸ್ತೆಗೆ, ರಸ್ತೆ ನನ್ನ ಹಲ್ಲಿಗೆ ಅಂದುಕೊಂಡೆ. ಅವನು ಬ್ರೇಕ್ ಹಾಕಿದ. ನಾನು ಬೀಳಬಾರದು ಅಂತ ಉಬ್ಬಿನ ಮುಂದೆ ವ್ಯಾನನ್ನು ಆಮೆಯ ಹಾಗೆ ನಡೆಸಿದ. ಕಳ್ಳರು ಹೀಗೆ ಮಾಡುವುದಿಲ್ಲ. ನಾನು ಆಗಲೇ ಯೋಚಿಸಬೇಕಿತ್ತು.

ಯೋಚಿಸಲಿಲ್ಲ. ಹಾರಿದೆ, ಓಡಿದೆ, ಮುಂದಿನ ಬಾಗಿಲು ಕಿತ್ತು ತೆಗೆದು ಕೀ ಎಳೆದುಕೊಂಡೆ. ಆಮೇಲೆ ಕಾಲರ್ ಹಿಡಿದೆ.

"ಮೇಡಂ, ಆ ಸೈಕಲ್ಲು..."

"ಬಾಯ್ಮುಚ್ಚು!"

"ಅಲ್ಲ, ಆ ಸೈಕಲ್ಲು..."

ಡ್ಯಾಶ್‌ಬೋರ್ಡ್ ಮೇಲೆ ಒಂದು ಅಂಟುಪಟ್ಟಿಯ ಸುರುಳಿ ಇತ್ತು. ಚಕ್ರದ ರಿಮ್ಮಿಗೆ ಸುತ್ತುವಂಥದ್ದು, ಅಗಲವಾದದ್ದು, ಗಟ್ಟಿಯಾದದ್ದು. ಅವನ ಬಾಯಿಗೆ ಸರಿಯಾಗಿ ಹೊಂದಿತು. ಕೈಗಳನ್ನು ಹಳೆಯ ಟ್ಯೂಬಿನಿಂದ ಕಟ್ಟಿದೆ. ಎಲ್ಲ ಅವನದೇ ಸಾಮಾನು. ನಾನು ಯಾರಿಗೂ ಖರ್ಚು ಮಾಡಿಸುವವಳಲ್ಲ.

ಸರಿ... ಸ್ವಲ್ಪ ಉಸಿರು ತಗೊಳ್ಳಿ. ಯಾರು ಏನು ಅಂತ ಹೇಳದೆ ನಿಮ್ಮನ್ನು ಓಡಿಸಿಕೊಂಡು ಬಂದುಬಿಟ್ಟೆ.

ನಾನು ವಿಮೆ ಕಂಪನಿಗಳಿಗೆ ಸುಳ್ಳು ಹಿಡಿದುಕೊಡುವವಳು. ಸುಟ್ಟುಹೋಯಿತು ಅಂದ ಗೋದಾಮು, ಕಳುವಾಯಿತು ಅಂದ ಕಾರು, ಮುಳುಗಿ ಸತ್ತ ಅಂದ ಗಂಡ... ಎಲ್ಲವನ್ನೂ ಹುಡುಕಿ ತಂದಿದ್ದೇನೆ. ಗಂಡ ಸಿಕ್ಕಾಗ ಅವನ ಹೆಂಡತಿಗೆ ಅಷ್ಟೇನೂ ಸಂತೋಷವಾಗಲಿಲ್ಲ, ಅದು ಬೇರೆ ವಿಷಯ. ಎದುರಿಗಿದ್ದವರ ಕಣ್ಣು ನೋಡಿದರೆ ಸಾಕು, ಸುಳ್ಳು ಯಾವುದು ಸತ್ಯ ಯಾವುದು ಅಂತ ಹೇಳಿಬಿಡುತ್ತೇನೆ. ಹೀಗಂತ ನಾನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ತಮ್ಮನ ಮಗಳು ಓದಿಗಾಗಿ ನನ್ನ ಮನೆಯಲ್ಲಿದ್ದಾಳೆ. ಮನೆಯಲ್ಲಿ ಅವಳನ್ನು ಕರೆಯುವುದು ಚೂಟಿ ಅಂತ. ಓದುತ್ತಾಳೆ ಅಂತ ಅವಳಪ್ಪ ನಂಬಿದ್ದಾನೆ. ಅವಳು ಮಾಡುವುದು ಒಂದೇ... ಸೈಕಲ್ ಏರಿ ಬೆಟ್ಟದ ತುದಿಯಿಂದ ಕೆಳಕ್ಕೆ ಬೀಳುವುದು. ಅದನ್ನು ಅವರು ಡೌನ್‌ಹಿಲ್ ಅನ್ನುತ್ತಾರೆ. ಕಲ್ಲು, ಬೇರು, ದಿಬ್ಬ, ಹಳ್ಳ, ಎಲ್ಲದರ ಮೇಲೂ. ಯಾರು ಬೇಗ ಕೆಳಗೆ ಬರುತ್ತಾರೋ ಅವರು ಗೆದ್ದ ಹಾಗೆ. ತುಂಡಾಗದೆ ಬರಬೇಕು ಅನ್ನುವುದಷ್ಟೇ ಷರತ್ತು.

ಅವಳ ಹಳೆಯ ಸೈಕಲ್ಲು ಮುದಿಯಾಗಿತ್ತು. ಅವಳಿಗೆ ಬೇಕಾದದ್ದು ಹಗುರವಾದ ಕಾರ್ಬನ್ ಫ್ರೇಮಿನದು. ಹೊಸದು ಕೊಳ್ಳಬೇಕಾದರೆ ಮನೆ ಮಾರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳಬೇಕಾದರೆ ಧೈರ್ಯ ಸಾಕು.

ತಮ್ಮ ಫೋನಿನಲ್ಲಿ ಹೇಳಿದ: "ಅಕ್ಕಾ, ಸೈಕಲ್ ಕೊಡಿಸು, ಬೇಡ ಅನ್ನಲ್ಲ. ಮೂಳೆ ಜವಾಬ್ದಾರಿ ನಿಂದು."

"ಆಯ್ತು," ಅಂದೆ. ಅಷ್ಟು ಸಲೀಸಾಗಿ.

ಮಾರುವವನು ಊರ ಹೊರಗೆ ರಿಪೇರಿ ಅಂಗಡಿ ಇಟ್ಟವನು. ಮಾತು ನುಣ್ಣಗೆ. ಮನಸ್ಸಿನಲ್ಲೇ ಅವನಿಗೆ ಬೆಣ್ಣೆ ಅಂತ ಹೆಸರಿಟ್ಟೆ. ಚೂಟಿಯನ್ನು ಜೊತೆಗೆ ಕರೆದೊಯ್ಯಲಿಲ್ಲ. ಆ ಸೈಕಲ್ ನೋಡಿದರೆ ಅವಳ ಮುಖ ತಟ್ಟೆ ಕಂಡ ಹಸಿದ ಮಗುವಿನ ಹಾಗೆ ಆಗುತ್ತದೆ, ವ್ಯಾಪಾರಿ ಬೆಲೆ ಏರಿಸುತ್ತಾನೆ. ಹೋಗುವಾಗ ಅವಳು ನನ್ನ ಕೈಗೆ ಒಂದು ನಾಣ್ಯ ಕೊಟ್ಟಳು.

"ಅತ್ತೆ, ಪೈಪಿನ ಮೇಲೆಲ್ಲ ಇದರಿಂದ ಬಡಿದು ನೋಡಿ. ಟಣ್ ಅಂದ್ರೆ ಸರಿ ಇದೆ. ಡಬ್ ಅಂದ್ರೆ ಒಳಗೆ ಬಿರುಕು. ಕಾರ್ಬನ್ ಬಾಗಲ್ಲ ಅತ್ತೆ... ಒಂದೇ ಸಲ ಮುರಿಯುತ್ತೆ."

ಸೈಕಲ್ಲು ಚೆನ್ನಾಗಿತ್ತು. ಕಪ್ಪು, ಮಿರಿಮಿರಿ. ಎತ್ತಿದರೆ ಬೆರಳಿಗೆ ಭಾರವಿಲ್ಲ. ಬೆಣ್ಣೆ ಪಕ್ಕದಲ್ಲಿ ನಿಂತು, ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಮೇಲಿನ ಪೈಪನ್ನು, ಅಂದರೆ ಟಾಪ್ ಟ್ಯೂಬನ್ನು ಹಿಡಿದುಕೊಂಡಿದ್ದ. ಅಲ್ಲೊಂದು ಕೆಂಪು ಸ್ಟಿಕ್ಕರ್.

"ಬಿದ್ದಿದೆಯಾ?"

"ಒಂದು ಸಲಾನೂ ಬಿದ್ದಿಲ್ಲ ಮೇಡಂ!"

ಕಣ್ಣು ನೋಡಿದೆ. ಸತ್ಯ.

"ರೇಸ್‌ನಲ್ಲಿ ಓಡಿಸಿದೀರಾ?"

"ಇಲ್ಲ ಮೇಡಂ."

ಅದೂ ಸತ್ಯ. ನಾಣ್ಯ ತೆಗೆದು ಬಡಿದೆ. ಟಣ್. ಟಣ್. ಟಣ್. ಅವನ ಕೈ ಇದ್ದ ಜಾಗ ಒಂದನ್ನು ಬಿಟ್ಟು ಎಲ್ಲ ಕಡೆ ಬಡಿದೆ. ಆ ಕೈ ಅಲ್ಲಿಂದ ಅಲುಗಲೇ ಇಲ್ಲ. ಕಣ್ಣು ನೋಡುವುದರಲ್ಲಿ ನಾನು ಗಟ್ಟಿಗಿತ್ತಿ, ಕೈ ನೋಡುವುದು ಮರೆತೆ.

"ಯಾರಿಗೆ ಮೇಡಂ ಇದು?" ಅಂತ ಕೇಳಿದ. ದನಿ ಸ್ವಲ್ಪ ಒಣಗಿತ್ತು. "ಓಡಿಸೋದು ಯಾರು?"

ಈಗ ನಿಜ ಹೇಳಿದರೆ ಬೆಲೆ ಮೇಲೇರುತ್ತದೆ. ಗರಜು ತೋರಿಸಿದವನು ಕೆಟ್ಟ ಅನ್ನುವುದು ವ್ಯಾಪಾರದ ಮೊದಲ ಪಾಠ. ಆಕಳಿಸಿದೆ.

"ಓಡಿಸೋದಾ? ಯಾರೂ ಇಲ್ಲ ಕಣ್ರೀ. ಹಾಲ್‌ನಲ್ಲಿ ಗೋಡೆಗೆ ನೇತುಹಾಕೋಕೆ. ನೋಡೋಕೆ ಚೆನ್ನಾಗಿದೆ ಅಷ್ಟೇ."

ಅವನು ನಿಟ್ಟುಸಿರು ಬಿಟ್ಟ. ಬೆಲೆ ಇಳಿಸಿದ... ನಾನು ಕೇಳುವ ಮೊದಲೇ! ಗೆದ್ದೆ ಅಂದುಕೊಂಡೆ. ಹೊರಡುವಾಗ ರೂಢಿಯಂತೆ ಗದರಿಸಿಯೂ ಬಂದೆ.

"ನನ್ನ ಕೆಲಸ ಗೊತ್ತಲ್ಲ? ನೀವು ಹೇಳಿದ್ರಲ್ಲಿ ಒಂದು ಸುಳ್ಳು ಸಿಕ್ಕಿದ್ರೂ ಅಂಗಡಿಗೆ ಬೀಗ ಹಾಕಿಸ್ತೀನಿ. ಹಿಂದೆ ಇಬ್ಬರಿಗೆ ಹಾಕಿಸಿದೀನಿ."

ಅವನು ತಲೆಯಾಡಿಸಿದ.

ಸೈಕಲ್ಲು ಮನೆಗೆ ಬಂತು. ಬಂದ ದಿನದಿಂದ ಅದೇ ಯಜಮಾನ, ನಾವು ಬಾಡಿಗೆದಾರರು. ಹ್ಯಾಂಡಲ್ಲು ಎಷ್ಟು ಅಗಲ ಅಂದರೆ ಯಾವ ಬಾಗಿಲಲ್ಲೂ ನೇರವಾಗಿ ತೂರುವುದಿಲ್ಲ, ಮದುವಣಗಿತ್ತಿಯ ಹಾಗೆ ಓರೆಯಾಗಿ ಕರೆತರಬೇಕು. ಮುಂದಿನ ಫೋರ್ಕಿಗೆ ಒಂದು ಪಂಪು, ಚಕ್ರಕ್ಕೆ ಇನ್ನೊಂದು. ಬ್ರೇಕಿನ ಎಣ್ಣೆ ನನ್ನ ಅಡುಗೆಮನೆಯ ಕಪಾಟಿಗೆ ಬಂತು. ತೊಳೆಯುವುದು ನನ್ನ ಬಚ್ಚಲಿನಲ್ಲಿ. ಒಂದು ದಿನ ನನ್ನ ಹಲ್ಲುಜ್ಜುವ ಬ್ರಷ್ಷು ಚೈನಿನ ಪಕ್ಕ ಸಿಕ್ಕಿತು. ನಾನು ಏನೂ ಕೇಳಲಿಲ್ಲ. ಕೆಲವು ತನಿಖೆಗಳನ್ನು ಮಾಡದಿರುವುದೇ ಕ್ಷೇಮ.

"ಅತ್ತೆ, ಕಿರ್ ಅನ್ನುತ್ತೆ," ಅಂದಳು ಒಂದು ಸಂಜೆ.

"ಮತ್ತೆ?"

"ಬೇರಿಂಗ್ ಇರ್ಬೇಕು. ಗ್ರೀಸ್ ಹಾಕ್ತೀನಿ."

"ನಾಣ್ಯದಿಂದ ಬಡಿದು ನೋಡೇ."

"ನೀವು ಬಡಿದು ನೋಡಿದೀರಲ್ಲ ಅತ್ತೆ, ಆಮೇಲೆ ನಾನೇನು ನೋಡೋದು!"

ಬೆಟ್ಟದ ಹಾದಿಯ ಕೊನೆಯಲ್ಲಿ ಸೈಕಲ್ಲು ಹಾರಿಸುವ ಒಂದು ಜಾಗ ಇದೆ. ಎರಡು ದಿಬ್ಬ, ನಡುವೆ ಆಳವಾದ ಹಳ್ಳ. ಅದನ್ನು ಎಲ್ಲರೂ ‘ಬಾಯಿ’ ಅನ್ನುತ್ತಾರೆ. ಅಭ್ಯಾಸದಲ್ಲಿ ಚೂಟಿ ಪಕ್ಕದ ಸುತ್ತುದಾರಿ ಹಿಡಿಯುತ್ತಿದ್ದಳು. "ರೇಸಿನ ದಿನ ಹಾರ್ತೀನಿ ಅತ್ತೆ, ಒಂದೇ ಸಲ," ಅಂದಿದ್ದಳು.

ಅಷ್ಟರಲ್ಲಿ ಬೆಣ್ಣೆಯ ಫೋನು ಶುರುವಾಯಿತು.

"ಮೇಡಂ, ಆ ಸೈಕಲ್ ವಾಪಸ್ ಕೊಡ್ತೀರಾ? ಕೊಟ್ಟಷ್ಟೇ ದುಡ್ಡು ಕೊಡ್ತೀನಿ."

"ಇಲ್ಲ."

ಮಾರನೆಯ ದಿನ: "ಒಂದೂವರೆ ಪಟ್ಟು ಕೊಡ್ತೀನಿ ಮೇಡಂ."

"ಯಾಕೆ?"

"ಸುಮ್ನೆ... ನೆನಪಾಗ್ತಿದೆ."

ಸೈಕಲ್ಲು ನೆನಪಾಗುತ್ತದಂತೆ! ಇದರಲ್ಲಿ ನಾನು ಕಾಣದ ಯಾವುದೋ ಬೆಲೆ ಇದೆ, ತಪ್ಪಿ ಮಾರಿಬಿಟ್ಟಿದ್ದಾನೆ, ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಎರಡು ಪಟ್ಟು ಅಂದಾಗ ನನ್ನ ಅನುಮಾನ ಖಾತ್ರಿಯಾಯಿತು. ನಂಬರ್ ಬ್ಲಾಕ್ ಮಾಡಿದೆ.

ರೇಸಿನ ಬೆಳಿಗ್ಗೆ ಚೂಟಿ ತನ್ನ ನಂಬರಿನ ಚೀಟಿ ತರಲು ಹೋದಳು. ನಾನು ಹೆಲ್ಮೆಟ್ ಹಿಡಿದು ತಿರುಗುವಷ್ಟರಲ್ಲಿ ಸೈಕಲ್ಲು ಒಂದು ವ್ಯಾನಿನೊಳಗೆ ಹೋಗುತ್ತಿತ್ತು. ಅದನ್ನು ತಳ್ಳುತ್ತಿದ್ದವನು ಬೆಣ್ಣೆ.

ಮುಂದಿನದು ನಿಮಗೆ ಗೊತ್ತು. ಬಂಪರ್, ಉಬ್ಬು, ಅಂಟುಪಟ್ಟಿ.

ಅವನನ್ನು ಹಿಂದೆ ತಳ್ಳಿ, ನಾನೇ ವ್ಯಾನು ಓಡಿಸಿಕೊಂಡು ಮೈದಾನಕ್ಕೆ ಬಂದೆ. ದಾರಿಯುದ್ದಕ್ಕೂ ಅವನು ಅಂಟುಪಟ್ಟಿಯ ಹಿಂದೆ "ಮ್ಮ್ ಮ್ಮ್!" ಅನ್ನುತ್ತಲೇ ಇದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುತ್ತಿದ್ದಾನೆ ಅಂದುಕೊಂಡೆ.

ಚೂಟಿ ಅಳುತ್ತಾ ನಿಂತಿದ್ದಳು.

"ಅತ್ತೆ! ಸಿಕ್ತಾ?!"

"ಸಿಕ್ತು."

"ಕಳ್ಳ?"

"ಪ್ಯಾಕ್ ಮಾಡಿಟ್ಟಿದೀನಿ. ನಡಿ, ಲಾರಿ ಹೊರಡ್ತಿದೆ."

ಸೈಕಲ್ಲನ್ನು ನಾನೇ ಎತ್ತಿ ಬೆಟ್ಟಕ್ಕೆ ಹೋಗುವ ಲಾರಿಗೆ ಏರಿಸಿದೆ. ನಾನೇ. ಈ ಕೈಯಾರೆ. ಅವಳು ನನ್ನನ್ನು ತಬ್ಬಿಕೊಂಡು, "ನೀವಿದ್ರೆ ನಂಗೇನೂ ಆಗಲ್ಲ ಅತ್ತೆ," ಅಂದು ಹತ್ತಿಕೊಂಡಳು.

ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ.

ರೇಸ್ ಶುರುವಾಯಿತು. ಒಬ್ಬೊಬ್ಬರಾಗಿ ಮೇಲಿಂದ ಬಿಡುತ್ತಾರೆ, ಮೈಕಿನಲ್ಲಿ ನಂಬರ್ ಕೂಗುತ್ತಾರೆ. ಆರಾಮವಾಗಿ ಒಂದು ಟೀ ಕುಡಿದೆ. ಕಳೆದುಹೋದ ಶೂ ಹುಡುಕಿ ಹಾಕಿಕೊಂಡೆ. ಆಮೇಲೆ ವಿಚಾರಣೆಗೆ ಅಂತ ವ್ಯಾನಿಗೆ ಬಂದು ಅವನ ಬಾಯಿಯ ಪಟ್ಟಿ ಕಿತ್ತೆ. ಮೀಸೆ ಅರ್ಧ ಅದರ ಜೊತೆಗೇ ಬಂತು.

ಅವನು ಮೀಸೆಯ ಮಾತೇ ಎತ್ತಲಿಲ್ಲ.

"ಆ ಹುಡುಗಿ ಎಲ್ಲಿ?"

"ಮೇಲೆ."

"ಯಾವ ಸೈಕಲ್ ತಗೊಂಡು?"

"ಅವಳ ಸೈಕಲ್! ಇನ್ನೇನು ನಿಮ್ಮಪ್ಪಂದಾ?"

ಅವನ ಕಣ್ಣಲ್ಲಿ ನೀರು ಬಂತು. ನಾನು ಇಪ್ಪತ್ತೈದು ವರ್ಷ ಜನರ ಕಣ್ಣು ನೋಡಿದ್ದೇನೆ. ಅದು ಹೆದರಿಕೆ... ತನಗಾಗಿ ಅಲ್ಲ.

"ಮೇಡಂ, ಅದು ಮುರಿಯುತ್ತೆ."

"ಏನು?"

"ಟಾಪ್ ಟ್ಯೂಬು. ಡೌನ್‌ಹಿಲ್ ಸೈಕಲ್‌ಗೆ ಸೀಟಿನ ಕಂಬ ಗಿಡ್ಡ, ರಿಪೇರಿ ಸ್ಟ್ಯಾಂಡ್‌ಗೆ ಹಿಡಿಸೋಕೆ ಜಾಗ ಇರಲ್ಲ. ಅರ್ಜೆಂಟಲ್ಲಿ ಪೈಪನ್ನೇ ಸ್ಟ್ಯಾಂಡಿನ ಇಕ್ಕಳಕ್ಕೆ ಕಚ್ಚಿಸಿ ಬಿಗಿ ಮಾಡಿದೆ. ಮಾಡಬಾರದು ಅಂತ ನಂಗೆ ಗೊತ್ತು, ಹತ್ತು ಜನಕ್ಕೆ ಬೈದಿದೀನಿ! ಚಟ್ ಅಂತು. ಬರೀ ಬಣ್ಣ ಅಂತ ನಂಗೆ ನಾನೇ ಹೇಳ್ಕೊಂಡೆ. ಸ್ಟಿಕ್ಕರ್ ಹಚ್ಚಿದೆ."

"ಗೊತ್ತಿದ್ದೂ ಮಾರಿದ್ಯಾ!"

"ಗೋಡೆಗೆ ಅಂದ್ರಲ್ಲ ಮೇಡಂ!"

ಕಿತ್ತ ಅಂಟುಪಟ್ಟಿ ನನ್ನ ಬೆರಳಿಗೇ ಅಂಟಿಕೊಂಡಿತು.

"ಓಡಿಸೋಕೆ ಅಂದಿದ್ರೆ ಕೊಡ್ತಾ ಇರಲಿಲ್ಲ. ಗೋಡೆಗೆ ನೇತುಹಾಕಿದ್ರೆ ಯಾರಿಗೇನು ಅಂತ ಕೊಟ್ಟೆ. ಎರಡು ವಾರದ ಹಿಂದೆ ಇಲ್ಲಿ ಅಭ್ಯಾಸದಲ್ಲಿ ಆ ಹುಡುಗಿ ಅದರ ಮೇಲೆ ಬರೋದು ನೋಡಿದೆ. ಅವತ್ತಿಂದ ನಿದ್ದೆ ಇಲ್ಲ."

"ಬಾಯ್ಬಿಟ್ಟು ಹೇಳೋಕೇನಾಗಿತ್ತು?!"

"ಅಂಗಡಿಗೆ ಬೀಗ ಅಂದ್ರಲ್ಲ! ಮನೇಲಿ ನಾಕು ಜನ ಇದೀವಿ ಮೇಡಂ. ಇವತ್ತು ಹೇಳೋಣ ಅಂದ್ರೆ... ಪಟ್ಟಿ ಹಾಕಿದ್ರಿ."

ಗದರಿಸಿದವಳು ನಾನು. ಸುಳ್ಳು ಹೇಳಿದವಳು ನಾನು. ಬಾಯಿ ಕಟ್ಟಿದವಳೂ ನಾನು. ಇಷ್ಟು ಅಚ್ಚುಕಟ್ಟಾಗಿ ನಾನು ಯಾವ ಕೇಸನ್ನೂ ಮುಗಿಸಿರಲಿಲ್ಲ.

ಮೈಕಿನಲ್ಲಿ ಕೂಗಿದರು. ಚೂಟಿಗಿಂತ ಹಿಂದಿನ ನಂಬರು ಹೊರಟಿತು. ಮುಂದಿನದು ಅವಳದೇ.

"ಮೇಲೆ ಫೋನ್ ಮಾಡು!"

"ಬೆಟ್ಟದ ಮೇಲೆ ಸಿಗ್ನಲ್ ಇಲ್ಲ ಮೇಡಂ! ಆ ‘ಬಾಯಿ’ ಹತ್ರ ಹೋಗೋಣ! ಅಲ್ಲಿ ಬಾವುಟದವನು ಇರ್ತಾನೆ!"

ಅವನ ಕೈ ಬಿಚ್ಚಲು ಪುರುಸೊತ್ತಿಲ್ಲ. ಕೀ ತಿರುಗಿಸಿದೆ. ವ್ಯಾನು ಹೋಗಬಾರದ ಕಚ್ಚಾದಾರಿಯಲ್ಲಿ ಹೋಯಿತು. ಒಂದು ಕಸದ ತೊಟ್ಟಿ ಬಿತ್ತು. ಯಾರದೋ ಮಡಿಸುವ ಕುರ್ಚಿ ಚಕ್ರದಡಿ ಶಾಶ್ವತವಾಗಿ ಮಡಿಸಿಹೋಯಿತು. ಹಿಂದಿನಿಂದ ಬೆಣ್ಣೆ, "ಎಡಕ್ಕೆ! ಎಡಕ್ಕೆ! ಅಯ್ಯೋ, ಗೇರ್ ಇಳಿಸಿ!" ಅಂತ ಕೂಗುತ್ತಿದ್ದ. ಗೇಟಿಗೆ ಅಡ್ಡ ನಿಂತ ಒಬ್ಬ ದಡಿಯ, "ಪಾಸ್ ಇದೆಯಾ?" ಅಂತ ಕೇಳಿದ. ಗೇಟನ್ನೇ ಪಾಸ್ ಅಂತ ತೋರಿಸಿ ಮುರಿದುಕೊಂಡು ಹೋದೆ.

ಮೈಕು: "...ಹೊರಟರು!"

ಚೂಟಿ.

ನನಗೆ ದೇವರ ಹೆಸರು ಒಂದೂ ನೆನಪಾಗಲಿಲ್ಲ. ತಮ್ಮನ ಮುಖವೊಂದೇ ಕಣ್ಣೆದುರು ಬಂತು. ಮೂಳೆ ಜವಾಬ್ದಾರಿ ನಿಂದು, ಅಕ್ಕಾ.

ಬಾಯಿಯ ಮೇಲ್ಭಾಗದ ತಿರುವಿನಲ್ಲಿ ವ್ಯಾನು ನಿಂತಿತು. ನಿಂತಿತು ಅನ್ನುವುದಕ್ಕಿಂತ ಮರ ನಿಲ್ಲಿಸಿತು. ಇಬ್ಬರೂ ಇಳಿದು ಓಡಿದೆವು. ಹಗ್ಗದ ಆಚೆ ಟ್ರ್ಯಾಕು. ಈಚೆ ಬಾವುಟದವನು, ಕಂಕುಳಲ್ಲಿ ಕೆಂಪು ಬಾವುಟ, ಕೈಯಲ್ಲಿ ಬಿಸ್ಕತ್ತು.

"ಬಾವುಟ ಬೀಸಿ! ಈಗ ಬರೋ ಹುಡುಗೀನ ನಿಲ್ಲಿಸಿ!"

"ಯಾಕೆ?"

"ಅವಳ ಸೈಕಲ್ ಮುರಿಯುತ್ತೆ!"

"ಯಾವಾಗ?"

"ಈಗ!"

"ಹಾಗೆಲ್ಲ ಬೀಸೋ ಹಾಗಿಲ್ಲಮ್ಮ. ಟ್ರ್ಯಾಕ್ ಮೇಲೆ ಯಾರಾದ್ರೂ ಬಿದ್ದಿದ್ರೆ ಮಾತ್ರ ಕೆಂಪು. ರೂಲ್ಸು."

ಮೇಲಿನ ಮರಗಳ ನಡುವೆ ಸದ್ದು. ಕಲ್ಲು ಉರುಳುವ ಸದ್ದು, ಚಕ್ರದ ಸದ್ದು... ಅದರ ನಡುವೆ ಕಿರ್, ಕಿರ್.

ಯಾರಾದರೂ ಬಿದ್ದಿದ್ದರೆ ಮಾತ್ರ.

ನಾನು ಬೆಣ್ಣೆಯ ಕಡೆ ನೋಡಿದೆ. ಬೆಣ್ಣೆ ನನ್ನ ಕಡೆ ನೋಡಿದ. ಅವನ ಕೈ ಇನ್ನೂ ಕಟ್ಟಿಯೇ ಇತ್ತು.

"ಮೇಡಂ... ಬೇಡ," ಅಂದ. ಆಮೇಲೆ ಒಂದು ಸಲ ಮೇಲಕ್ಕೆ ನೋಡಿದ. ಕಣ್ಣು ಮುಚ್ಚಿಕೊಂಡ. "ಸರಿ... ತಳ್ಳಿ."

ತಳ್ಳಿದೆ.

ಹಗ್ಗದ ಕೆಳಗೆ ಹೊರಳಿ, ದಿಬ್ಬದಿಂದ ಉರುಳಿ, ಟ್ರ್ಯಾಕಿನ ನಟ್ಟನಡುವೆ ಹೋಗಿ ಬಿದ್ದ. ಏನೋ ಮುರಿದ ಸದ್ದು ಕೇಳಿಸಿತು. ಕಾರ್ಬನ್ ಅಲ್ಲ.

"ಬಿದ್ರು! ಬಿದ್ರು!" ಅಂತ ಬಾವುಟದವನು ಬಿಸ್ಕತ್ತು ಎಸೆದು ಕೆಂಪು ಬೀಸಿದ.

ತಿರುವಿನಲ್ಲಿ ಚೂಟಿ ಕಾಣಿಸಿದಳು. ಬಾಣದ ಹಾಗೆ ಬರುತ್ತಿದ್ದಳು. ಬಾವುಟ ಕಂಡಳು. ಎರಡೂ ಬ್ರೇಕು ಹಿಡಿದಳು. ಮಣ್ಣೆದ್ದಿತು. ಹಿಂದಿನ ಚಕ್ರ ಅಡ್ಡ ತಿರುಗಿತು... ಬೆಣ್ಣೆಯ ಮೂಗಿನ ಹತ್ತಿರ, ಒಂದು ಗೇಣು ಈಚೆಗೆ, ನಿಂತಳು.

ಕೂತುಬಿಟ್ಟೆ. ಅಲ್ಲೇ, ಮಣ್ಣಿನಲ್ಲಿ. ಹೌದು, ನಾನೇ. ಬೇಕಾದರೆ ನಗಿ.

"ಅತ್ತೆ?!" ಅವಳು ಹೆಲ್ಮೆಟ್ ಕಿತ್ತಳು. "ಏನಿದು? ನನ್ನ ರೇಸು..."

"ಬಡಿದು ನೋಡು. ಸ್ಟಿಕ್ಕರ್ ಮೇಲೆ."

ಅವಳು ಉಂಗುರದಿಂದ ಬಡಿದಳು. ಡಬ್.

ಇನ್ನೊಮ್ಮೆ. ಡಬ್.

ಸ್ಟಿಕ್ಕರ್ ಸುಲಿದಳು. ಬಿರುಕು ಪೈಪನ್ನು ಸುತ್ತುವರಿದು, ಮುಕ್ಕಾಲು ಸುತ್ತು ಬಂದಿತ್ತು. ಹೆಬ್ಬೆರಳಿನಿಂದ ಒತ್ತಿದಳು. ಒಳಕ್ಕೆ ಹೋಯಿತು. ಅವಳು ತಲೆಯೆತ್ತಿ ಕೆಳಗಿದ್ದ ಹಳ್ಳವನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ನಾನೇ," ಅಂದೆ. "ಗೋಡೆಗೆ ಅಂತ ಸುಳ್ಳು ಹೇಳಿ ಕಡಿಮೆಗೆ ತಂದೆ. ಅದಕ್ಕೇ ಕೊಟ್ಟ. ನಿಜ ಹೇಳಿದ್ರೆ ಕೊಡ್ತಾ ಇರಲಿಲ್ಲ."

ಅವಳು ಸುಲಿದ ಸ್ಟಿಕ್ಕರನ್ನು ಮುದ್ದೆ ಮಾಡಿ ಜೇಬಿಗಿಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತು.

ಬಾವುಟದವನು ಕೆಮ್ಮಿದ. "ಕೆಂಪು ಬಾವುಟಕ್ಕೆ ನಿಂತವರಿಗೆ ಇನ್ನೊಂದು ಓಟ ಸಿಗುತ್ತೆ. ರೂಲ್ಸು. ಸೈಕಲ್ ಇದ್ರೆ."

"ನಂದೊಂದು ಸೈಕಲ್ಲು ಮೈದಾನದಲ್ಲಿ, ನನ್ನ ರಿಪೇರಿ ಟೆಂಟಲ್ಲಿದೆ," ಅಂತ ನೆಲದಿಂದ ಬೆಣ್ಣೆ ನರಳಿದ. "ಅಲ್ಯೂಮಿನಿಯಂದು. ಹಳೇದು. ತಗೊಂಡ್ಹೋಗಮ್ಮ."

ಚೂಟಿ ಅವನ ಪಕ್ಕ ಮಂಡಿಯೂರಿದಳು.

"ಅಣ್ಣಾ, ಅದರಲ್ಲಿ ಏನೇನು ಕೆಟ್ಟಿದೆ?"

"ಹಿಂದಿನ ಬ್ರೇಕು ಸ್ವಲ್ಪ ಸಡಿಲ. ಎರಡು ಸಲ ಒತ್ತಬೇಕು. ಮೂರನೇ ಗೇರು ಹಾರುತ್ತೆ, ಅದನ್ನ ಮುಟ್ಟಲೇಬೇಡ. ಮುಂದಿನ ಟೈರು ಸವೆದಿದೆ. ನಿಂಗೆ ಒಂದು ಸೈಜು ದೊಡ್ಡದಾಗುತ್ತೆ. ಎರಡು ಸಲ ಬಿದ್ದಿದೆ... ಅಲ್ಲ, ಮೂರು. ಮೂರನೇದು ಯಾರಿಗೂ ಹೇಳಿಲ್ಲ. ನೀನು ಅದರಲ್ಲಿ ಏನು ಮಾಡ್ಬೇಕು ಅಂತಿದೀಯ?"

ಅವಳು ನನ್ನ ಕಡೆ ತಿರುಗಿದಳು. ಉತ್ತರ ನಾನು ಹೇಳಬೇಕಿತ್ತು.

"ಈ ಬಾಯಿ ಹಾರಬೇಕು ಅಂತಿದಾಳೆ ಕಣ್ರೀ," ಅಂದೆ. "ನನ್ನ ತಮ್ಮನಿಗೆ ಇರೋಳು ಇವಳೊಬ್ಬಳೇ. ನಂಗೂ."

ಬೆಣ್ಣೆ ಯೋಚಿಸಿದ. ಹಲ್ಲು ಕಚ್ಚಿಕೊಂಡೇ ಯೋಚಿಸಿದ. "ಫ್ರೇಮ್ ತಡೆಯುತ್ತೆ ಮೇಡಂ. ಬ್ರೇಕು ಸಡಿಲ ಇರೋದು, ಟೈರು ಸವೆದಿರೋದು ಬಿಟ್ರೆ ಹೆದರಬೇಕಾಗಿಲ್ಲ. ಹಾರಲಿ."

ಈ ಸಲ ನಾನು ಅವನ ಕೈ ನೋಡಿದೆ. ಅಲುಗುವ ಸ್ಥಿತಿಯಲ್ಲಿರಲಿಲ್ಲ, ನಿಜ. ಆದರೂ ನಂಬಿದೆ.

ಚೂಟಿ ಹಾರಿದಳು. ನಾನು ನೋಡಲಿಲ್ಲ, ಕಣ್ಣು ಮುಚ್ಚಿದ್ದೆ. ಜನ ಕೂಗಿದ್ದು ಕೇಳಿಸಿತು. ಒಂಬತ್ತನೆಯವಳಾಗಿ ಬಂದಳು. ಇಡಿಯಾಗಿ ಬಂದಳು.

ಆಂಬುಲೆನ್ಸಿನ ನರ್ಸು ಬೆಣ್ಣೆಯ ಭುಜ ಕಟ್ಟುತ್ತಾ ಕಾಗದ ತೆಗೆದಳು. "ಹೇಗೆ ಬಿದ್ರಿ?"

"ಕಾಲು ಜಾರ್ತು," ಅಂದ ಬೆಣ್ಣೆ, ಅವಳ ಕಣ್ಣಲ್ಲಿ ಕಣ್ಣಿಟ್ಟು.

ಸುಳ್ಳು. ಹಿಡಿಯುವುದು ನನ್ನ ಕಸುಬು. ಬಿಟ್ಟುಬಿಟ್ಟೆ.

ನರ್ಸು ಟ್ಯೂಬಿನಿಂದ ಕಟ್ಟಿದ ಕೈ ನೋಡಿದಳು. ಅರ್ಧ ಮೀಸೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನೀವು ಇವರಿಗೆ ಏನಾಗ್ಬೇಕು?"

"ಗಿರಾಕಿ," ಅಂದೆ.